ಕಣ್ಣು ಮೊದಲೋ, ಮಿಂಚು ಮೊದಲೋ?

ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ ಪ್ರಬಂಧ ಸ್ಪರ್ಧೆಯ ಬಹುಮಾನವೊಂದು ನನಗೆ ಬಂದಿತು. ಬಹುಮಾನ ದೊಡ್ಡದೇನಲ್ಲ, ಒಂದು ಪುಸ್ತಕ, ಒಂದು ಪ್ರಶಸ್ತಿಪತ್ರ. ಆದರೆ ಅದನ್ನು ಕಾಣಲೆಂದು ನನ್ನ ಅವ್ವ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಕಾಲೇಜಿನ ಸಭಾಂಗಣದಲ್ಲಿ ಕುರ್ಚಿಯ ಮೇಲೆ ಕುಳಿತವಳು ಅವಳೇ ಮೊದಲಿಗಳು. ಬಾಡಿಗೆಗೆ ಬಂದಿದ್ದ ಛಾಯಾಗ್ರಾಹಕರು ವೇದಿಕೆಯ ಒಂದು ಮೂಲೆಗೆ ಹತ್ತಿ, ನಾನು ಬಹುಮಾನಕ್ಕೆ ಕೈಚಾಚಿದ ಗಳಿಗೆಯಲ್ಲಿ ಫಳ್ಳೆಂದು ಫ್ಲಾಷ್ ಹೊಡೆದರು.

ಹದಿನೈದು ದಿನಗಳ ಮೇಲೆ ಚಿತ್ರ ಕೈಗೆ ಬಂದಿತು. ಅದರಲ್ಲಿ ಅತಿಥಿಗಳ ಹಣೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ನನ್ನ ಬಿಳಿಯ ಅಂಗಿಯಲ್ಲಿ ಗುಂಡಿಗಳೇ ಕಾಣುತ್ತಿರಲಿಲ್ಲ. ನಮ್ಮಿಬ್ಬರ ಹಿಂದೆ ಸಭಿಕರಿರಬೇಕಾದ ಕಡೆ ಅಮಾವಾಸ್ಯೆ. ಅವ್ವ ಚಿತ್ರವನ್ನು ಸೆರಗಿನಿಂದ ಒರಸಿ, ಬಾಗಿಲ ಬೆಳಕಿಗೆ ಹಿಡಿದು, "ಇದ್ರಲ್ಲಿ ನಾನೆಲ್ಲಿವ್ನಿ ಮಗ?" ಎಂದು ಕೇಳಿದಳು. ಮೂರನೆಯ ಸಾಲಿನಲ್ಲಿ ಕುಳಿತು ಅವಳು ಚಪ್ಪಾಳೆ ತಟ್ಟಿದುದನ್ನು ನಾನು ಕಣ್ಣಾರೆ ಕಂಡಿದ್ದೆ. "ಅಲ್ಲೇ ಕುಂತಿದ್ದೆ ಕಣವ್ವ, ಕತ್ತಲಲ್ಲಿ ಮುಚ್ಚೋಗಿದೀಯ" ಎಂದೆ. "ಲೈಟೆಲ್ಲ ಉರೀತಿದ್ವಲ್ಲ?" ಎಂದಳು.

ಅವಳ ಮಾತು ನಿಜ. ಎಂಟು ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಉರಿಯುವ ದೀಪದ ಕೆಳಗೆ ಕತ್ತಲೆ ಹೇಗೆ ಬಂದಿತೆಂಬ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಈಗ ನಮ್ಮ ವಿದ್ಯಾರ್ಥಿ ಸಂಘಕ್ಕೆ ಸ್ವಂತದ್ದೊಂದು ಕ್ಯಾಮೆರಾ ಬಂದಿರುವುದು ಸಹಪಾಠಿಗಳಿಗೆಲ್ಲ ತಿಳಿದ ವಿಷಯ. ಅದರೊಡನೆ ಬಂದುದು ೧೮ರಿಂದ ೫೫ ಮಿಲಿಮೀಟರಿನ ಸಾಮಾನ್ಯ ಲೆನ್ಸ್. ಉಳಿದಿರುವ ಹಣದಲ್ಲಿ ಒಂದು ಭಾರಿ ಫ್ಲಾಷ್ ಕೊಳ್ಳಬೇಕೆಂಬುದು ಸಂಘದ ಬಹುಮತ. ನಾನು ಅಲ್ಪಮತದವನು, ನಿಜ ಹೇಳಬೇಕೆಂದರೆ ಒಬ್ಬನೇ. ಆದರೂ ಪಿ.ಯು.ಸಿ. ಎರಡನೆಯ ವರ್ಷದಿಂದ ಮುಹೂರ್ತದ ದಿನಗಳಲ್ಲಿ ಒಂದು ಸ್ಟುಡಿಯೋದವರ ಹಿಂದೆ ದೀಪದ ಕೊಡೆ ಹೊತ್ತು, ಅದರ ಕೂಲಿಯಿಂದ ಪರೀಕ್ಷಾ ಶುಲ್ಕ ಕಟ್ಟಿದವನಾದ್ದರಿಂದ ಎರಡು ಮಾತು ಹೇಳಲು ನನಗೆ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಮೊದಲು ಕೊಳ್ಳಬೇಕಾದುದು ದೊಡ್ಡ ಬಾಗಿಲಿನ ಲೆನ್ಸ್, ಫ್ಲಾಷ್ ಆಮೇಲೆ.

ಬಾಗಿಲು ಎಂದೆ. ಲೆನ್ಸಿನ ಮೇಲೆ 'ಎಫ್' ಎಂದು ಬರೆದಿರುವ ಅಂಕಿ ಬೇರೇನೂ ಅಲ್ಲ. ಲೆನ್ಸಿನ ಸಂಗಮದೂರವನ್ನು ಬೆಳಕು ಒಳಬರುವ ದ್ವಾರದ ವ್ಯಾಸದಿಂದ ಭಾಗಿಸಿದ ಲೆಕ್ಕ. ಆದುದರಿಂದ ಅಂಕಿ ಕಿರಿದಾದಷ್ಟೂ ಬಾಗಿಲು ಹಿರಿದು. ನಮ್ಮಲ್ಲಿರುವ ಲೆನ್ಸನ್ನು ೫೫ ಮಿಲಿಮೀಟರಿಗೆ ಎಳೆದರೆ ಅದರ ಬಾಗಿಲು ಎಫ್ ೫.೬ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐವತ್ತು ಮಿಲಿಮೀಟರಿನ ಎಫ್ ೧.೮ ಲೆನ್ಸ್ ಎಂಬುದೊಂದಿದೆ. ಹಿಂದುಮುಂದು ಎಳೆಯಲಾಗದು, ನೋಡುವುದಕ್ಕೆ ಗಿಡ್ಡ, ಹಗುರ, ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಈ ಗಿಡ್ಡಪ್ಪನು ಆ ಉದ್ದಪ್ಪನಿಗಿಂತ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಾನೆ. ನಾನು ಇತಿಹಾಸದ ವಿದ್ಯಾರ್ಥಿ, ಗಣಿತ ಅಷ್ಟಕ್ಕಷ್ಟೆ, ಆದರೆ ೫.೬ನ್ನು ೧.೮ರಿಂದ ಭಾಗಿಸಿ ಬಂದುದನ್ನು ಅದರಿಂದಲೇ ಗುಣಿಸಿದರೆ ಯಾರಿಗೂ ಈ ಉತ್ತರ ಸಿಗುತ್ತದೆ.

ನಮ್ಮ ಸಭಾಂಗಣದಲ್ಲಿ ಇದರ ಅರ್ಥವೇನು? ಐ.ಎಸ್.ಓ. ೧೬೦೦ ಇಟ್ಟು ನಾನೇ ಅಳೆದು ನೋಡಿದ್ದೇನೆ. ಇರುವ ಲೆನ್ಸಿನಲ್ಲಿ ವೇದಿಕೆಯ ಮೇಲಿನ ಮುಖ ಸರಿಯಾಗಿ ಮೂಡಲು ಸೆಕೆಂಡಿನ ಹದಿನೈದನೆಯ ಒಂದು ಪಾಲು ಷಟರ್ ತೆರೆದಿರಬೇಕು. ಅಷ್ಟರಲ್ಲಿ ಭಾಷಣಕಾರರ ಕೈ ಮೇಜಿನಿಂದ ಮೂಗಿನವರೆಗೆ ಹೋಗಿ ಬಂದಿರುತ್ತದೆ. ಎಫ್ ೧.೮ರಲ್ಲಾದರೆ ನೂರೈವತ್ತನೆಯ ಒಂದು ಪಾಲು ಸಾಕು. ಕೈ ಕೈಯಾಗಿಯೇ ನಿಲ್ಲುತ್ತದೆ. ಲೆನ್ಸಿನೊಳಗೆ ಅದುರು ತಡೆಯುವ ಯಂತ್ರವಿದೆಯಲ್ಲ ಎಂದು ಮಿತ್ರರೊಬ್ಬರು ವಾದಿಸಿದರು. ಇದೆ, ಆದರೆ ಅದು ತಡೆಯುವುದು ಚಿತ್ರ ತೆಗೆಯುವವನ ಕೈಯ ನಡುಕವನ್ನು, ಕುಣಿಯುವವರ ಕಾಲನ್ನಲ್ಲ.

ಇನ್ನು ಫ್ಲಾಷಿನ ಸಂಗತಿ. ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆಂದು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದು ಅಂಕಕ್ಕಾಗಿ ಕಲಿತ ಮಾತಾಗಿತ್ತು. ಆ ಚಿತ್ರವನ್ನು ಕಂಡ ಮೇಲೆ ಅರ್ಥವಾಯಿತು. ಅಂದು ಫ್ಲಾಷಿನಿಂದ ನಾನಿದ್ದುದು ಎರಡು ಮೀಟರ್ ದೂರ. ಅವ್ವ ಕುಳಿತಿದ್ದುದು ಸುಮಾರು ಎಂಟು ಮೀಟರ್. ನಾಲ್ಕು ಪಟ್ಟು ದೂರವೆಂದರೆ ಹದಿನಾರನೆಯ ಒಂದು ಪಾಲು ಬೆಳಕು. ನನಗೆ ಹದಿನಾರಾಣೆ ಸಿಕ್ಕ ಕಡೆ ಅವಳಿಗೆ ಸಿಕ್ಕಿದುದು ಒಂದಾಣೆ. ಎಂಟು ಟ್ಯೂಬ್‌ಲೈಟುಗಳ ಬೆಳಕು ನಮ್ಮೆಲ್ಲರ ಮೇಲೆ ಹೆಚ್ಚುಕಡಿಮೆ ಸಮನಾಗಿಯೇ ಬೀಳುತ್ತಿತ್ತು. ಆದರೆ ಫ್ಲಾಷನ್ನೇ ನಂಬಿ ಷಟರನ್ನು ಚುರುಕಾಗಿ, ಐ.ಎಸ್.ಓ.ವನ್ನು ತಗ್ಗಿಸಿ ಇಟ್ಟಿದ್ದರಿಂದ ಆ ಬೆಳಕು ಚಿತ್ರದೊಳಕ್ಕೆ ಬರಲೇ ಇಲ್ಲ. ಇನ್ನೂ ಭಾರಿ ಫ್ಲಾಷ್ ಕೊಂಡಿದ್ದರೂ ಈ ಹದಿನಾರು-ಒಂದರ ಲೆಕ್ಕ ಬದಲಾಗುತ್ತಿರಲಿಲ್ಲ. ಅದು ಬಲದ ಪ್ರಶ್ನೆಯಲ್ಲ, ಅಂತರದ ಪ್ರಶ್ನೆ. ಮೊಬೈಲ್ ಹಿಡಿದು ಕೊನೆಯ ಸಾಲಿನಿಂದ ಮಿಂಚಿಸುವ ಗೆಳೆಯರೂ ಇದನ್ನು ಗಮನಿಸಬೇಕು. ಆ ಬೆಳಕು ಮುಂದಿನ ಸಾಲಿನವರ ತಲೆಗೂದಲನ್ನಲ್ಲದೆ ಬೇರೇನನ್ನೂ ಬೆಳಗುವುದಿಲ್ಲ.

ಹಾಗೆಂದು ನಾನು ಫ್ಲಾಷಿನ ವೈರಿಯಲ್ಲ. ಛತ್ರದಲ್ಲಿ ಮುಹೂರ್ತದ ಹೊತ್ತಿಗೆ ಅದಿಲ್ಲದೆ ನಡೆಯದು. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿರೆಂದು ಕೇಳುವುದಕ್ಕಾಗುವುದಿಲ್ಲವಷ್ಟೆ. ಅಲ್ಲಿ ನಮ್ಮ ಸ್ಟುಡಿಯೋದ ಅಣ್ಣ ಫ್ಲಾಷಿನ ತಲೆಯನ್ನು ವಧುವಿನ ಕಡೆಗೆ ತಿರುಗಿಸುವುದೇ ಇಲ್ಲ. ಮೇಲಕ್ಕೆ, ಬಿಳಿಯ ತಾರಸಿಯ ಕಡೆಗೆ ತಿರುಗಿಸುತ್ತಾನೆ. ಬೆಳಕು ಅಲ್ಲಿ ಬಡಿದು, ಹರಡಿಕೊಂಡು, ಮೆತ್ತಗೆ ಇಳಿಯುತ್ತದೆ. ಮಿಂಚು ಸೆಕೆಂಡಿನ ಸಾವಿರದೊಂದು ಪಾಲಿನ ಆಸುಪಾಸಿನಲ್ಲೇ ಮುಗಿದುಹೋಗುವುದರಿಂದ ಎರಚಿದ ಅಕ್ಷತೆಯ ಕಾಳುಗಳು ಗಾಳಿಯಲ್ಲಿ ನಿಂತಂತೆ ಮೂಡುತ್ತವೆ. ಆದರೆ ಒಮ್ಮೆ ಕೆಂಪು ಬಟ್ಟೆಯ ಶಾಮಿಯಾನದ ಕೆಳಗೆ ಇದೇ ವಿದ್ಯೆಯನ್ನು ಪ್ರಯೋಗಿಸಲು ಹೋಗಿ ಇಡೀ ಬೀಗರ ಬಳಗವೇ ಟೊಮ್ಯಾಟೊ ಬಣ್ಣಕ್ಕೆ ತಿರುಗಿತು. ಬಡಿದ ಜಾಗದ ಬಣ್ಣವನ್ನು ಬೆಳಕು ಹೊತ್ತು ತರುತ್ತದೆ. ಹೋಮದ ಹೊಗೆಯ ಮುಂದೆ ನೇರವಾಗಿ ಫ್ಲಾಷ್ ಹೊಡೆದರಂತೂ ಹೊಗೆಯೇ ಬೆಳ್ಳಗಾಗಿ ವಧೂವರರು ಮಂಜಿನಲ್ಲಿ ಮರೆಯಾಗುತ್ತಾರೆ.

ಬೆಳಕನ್ನು ಹೀಗೆ ಬಡಿದು ಬರಿಸುವ ಉಪಾಯ ಛತ್ರದ ಛಾಯಾಗ್ರಾಹಕರದಷ್ಟೇ ಅಲ್ಲ. ೧೯೫೬ರಲ್ಲಿ ತೆರೆಕಂಡ ಸತ್ಯಜಿತ್ ರಾಯ್ ಅವರ 'ಅಪರಾಜಿತೋ' ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಿಳಿಯ ಬಟ್ಟೆ ಬಿಗಿದು, ದೀಪಗಳನ್ನು ಅದರತ್ತ ತಿರುಗಿಸಿ, ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕನ್ನು ಸೃಷ್ಟಿಸಿದರು. ನಮ್ಮ ಮೈಸೂರಿನವರೇ ಆದ ವಿ. ಕೆ. ಮೂರ್ತಿಯವರು ೧೯೫೯ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ಹಾಯಿಸಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದರು. ೨೦೦೮ನೆಯ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಇಬ್ಬರೂ ಬೆಳಕು ಎಷ್ಟೆಂದು ಕೇಳಲಿಲ್ಲ, ಯಾವ ಕಡೆಯಿಂದ ಬರಬೇಕೆಂದು ಕೇಳಿದರು.

ಈಗ ನಮ್ಮ ಸಭಾಂಗಣಕ್ಕೆ ಮರಳೋಣ. ತಲೆಯೆತ್ತಿ ನೋಡಿ: ಬಿಳಿಯ ತಾರಸಿ ಎಲ್ಲಿದೆ? ಇರುವುದು ಎತ್ತರದ ಹೆಂಚಿನ ಮಾಡು, ಹೊಗೆ ಹಿಡಿದಂತೆ ಕಪ್ಪಾದ ತೊಲೆಗಳು, ಎರಡು ಸಂಸಾರ ಪಾರಿವಾಳ. ಮೇಲಕ್ಕೆ ಹೊಡೆದ ಬೆಳಕು ಹಿಂದಿರುಗಿ ಬರಲಾರದು. ಅಂದಮೇಲೆ ನಾವು ಕೊಳ್ಳುವ ಫ್ಲಾಷ್ ನೇರವಾಗಿ ಮುಖಕ್ಕೇ ಬಡಿಯಬೇಕು. ಛತ್ರಕ್ಕೆ ಒಪ್ಪುವ ಸಾಮಾನು ಈ ಕಟ್ಟಡಕ್ಕೆ ಒಪ್ಪುವುದಿಲ್ಲ. ನನ್ನ ವಾದದ ಬೇರು ಇಲ್ಲಿದೆ.

ಮುಖಕ್ಕೆ ಬಡಿಯುವುದೆಂದರೆ ಬರಿಯ ಚಿತ್ರ ಕೆಡುವ ಮಾತಲ್ಲ. ನಮ್ಮ ಕಾಲೇಜಿನಲ್ಲಿ ಯಕ್ಷಗಾನವಾಡುವ ಗೆಳೆಯನೊಬ್ಬನಿದ್ದಾನೆ. ಕಿರೀಟ, ಎದೆಹಾರ, ಭುಜಕೀರ್ತಿ ಎಲ್ಲವೂ ಥಳಥಳಿಸುವಂಥವು. ನೇರ ಬೆಳಕು ಬಿದ್ದರೆ ಅವೆಲ್ಲ ಒಟ್ಟಿಗೆ ಸಿಡಿದು, ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಮುಖವರ್ಣಿಕೆ ಚಪ್ಪಟೆಯಾಗುತ್ತದೆ. ಅವನು ಹೇಳಿದುದು ಇನ್ನೊಂದು ಮಾತು: ಗಿರಕಿ ಹೊಡೆಯುವಾಗ ಕಣ್ಣೆದುರು ಫ್ಲಾಷ್ ಬಿದ್ದರೆ ಮುಂದಿನ ಹೆಜ್ಜೆಗೆ ವೇದಿಕೆಯ ಅಂಚು ಎಲ್ಲಿದೆಯೆಂದೇ ಕಾಣುವುದಿಲ್ಲವಂತೆ. ನಾಲ್ಕಡಿ ಎತ್ತರದ ವೇದಿಕೆ ನಮ್ಮದು. ಪ್ರದರ್ಶನ ನಡೆಯುವಾಗ ಫ್ಲಾಷ್ ಕೂಡದೆಂಬ ನಿಯಮ ಹಲವು ರಂಗಮಂದಿರಗಳಲ್ಲಿದೆ. ನಮ್ಮಲ್ಲಿಯೂ ಇರಬೇಕೆಂದು ಪ್ರಾಂಶುಪಾಲರಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಲೆನ್ಸಿನಲ್ಲಿಯೂ ದೋಷಗಳಿಲ್ಲದಿಲ್ಲ, ಮುಚ್ಚಿಡುವುದಿಲ್ಲ. ಬಾಗಿಲು ಪೂರ್ಣ ತೆರೆದಾಗ ಸ್ಪಷ್ಟತೆಯ ಪದರ ಬಹಳ ತೆಳುವಾಗುತ್ತದೆ: ನಮ್ಮ ಕ್ಯಾಮೆರಾದಲ್ಲಿ ಮೂರು ಮೀಟರ್ ದೂರಕ್ಕೆ ಕಾಲು ಮೀಟರಿನಷ್ಟೇ. ಮೂರು ಸಾಲಿನ ಗುಂಪುಚಿತ್ರವನ್ನು ಎಫ್ ೧.೮ರಲ್ಲಿ ತೆಗೆದರೆ ಮುಂದೆ ಕುಳಿತ ಅಧ್ಯಾಪಕರು ಉಳಿದು ಹಿಂದೆ ನಿಂತ ನಾವು ಮಸುಕಾಗುತ್ತೇವೆ. ಗುಂಪುಚಿತ್ರವನ್ನು ಹೊರಗೆ ಬೇವಿನ ಮರದ ನೆರಳಿನಲ್ಲಿ ತೆಗೆಯಲಿ, ಯಾರೂ ತಡೆಯುವುದಿಲ್ಲ. ಐ.ಎಸ್.ಓ. ಏರಿಸಿದರೆ ಚಿತ್ರ ರವೆ ರವೆಯಾಗುತ್ತದೆಂಬ ದೂರೂ ಇದೆ. ನಡುಗಿದ ಮುಖಕ್ಕಿಂತ ರವೆಯ ಮುಖ ಮೇಲು. ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುವುದರಿಂದ ಷಟರನ್ನು ಬಹಳ ಚುರುಕು ಮಾಡಿದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಭಾಷಣಕ್ಕೆ ನೂರನೆಯ ಒಂದು ಪಾಲಿನಲ್ಲಿ ನಿಂತರೆ ಆ ಕಾಟವಿಲ್ಲ. ಹಿಂದುಮುಂದು ಎಳೆಯಲಾಗದೆಂಬ ಆಕ್ಷೇಪಕ್ಕೆ ಉತ್ತರ ಕಾಲುಗಳು. ವೇದಿಕೆಯಿಂದ ಎಂಟು ಮೀಟರ್ ಹಿಂದೆ ನಿಂತರೆ ಒಬ್ಬ ನರ್ತಕಿ ಅಡಿಯಿಂದ ಮುಡಿಯವರೆಗೆ ಚೌಕಟ್ಟಿನೊಳಗೆ ಬರುತ್ತಾಳೆ. ದೂರದಿಂದಲೇ ಎಳೆಯಬಲ್ಲ ಎಫ್ ೨.೮ರ ೭೦-೨೦೦ ಮಿಲಿಮೀಟರ್ ಲೆನ್ಸನ್ನು ಕನಸಿನಲ್ಲಿ ನೆನೆಯಬಹುದು. ಕ್ಯಾಮೆರಾ ಕಂಪನಿಗಳದ್ದೇ ಆದರೆ ಬೆಲೆ ಲಕ್ಷ ದಾಟುತ್ತದೆ, ಭಾರ ಒಂದೂವರೆ ಕಿಲೋದ ಹತ್ತಿರ.

ಆ ಹಳೆಯ ಚಿತ್ರದ ಬಗ್ಗೆ ಇನ್ನೊಂದು ಮಾತು. ಆ ಮೂಲೆಯಿಂದಲೇ ಎಫ್ ೧.೮ರಲ್ಲಿ ತೆಗೆದಿದ್ದರೂ ಮೂರನೆಯ ಸಾಲು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಅವ್ವ ಒಂದು ಹಸಿರು ಸೀರೆಯಾಗಿ, ಮೇಲೆತ್ತಿದ ಎರಡು ಕೈಗಳಾಗಿ ಮಸುಕಾಗಿ ಕಾಣುತ್ತಿದ್ದಳು, ಅಷ್ಟೆ. ಅಷ್ಟು ಸಿಕ್ಕಿದ್ದರೆ ಅವಳು ತನ್ನನ್ನು ತಾನೇ ಗುರುತು ಹಿಡಿಯುತ್ತಿದ್ದಳು, ನನ್ನನ್ನು ಕೇಳುತ್ತಿರಲಿಲ್ಲ.

ಸಂಘದ ಸಭೆ ಮುಂದಿನ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ. ಅನುಮಾನವಿದ್ದವರು ಅದಕ್ಕೆ ಮೊದಲು ಸಭಾಂಗಣಕ್ಕೆ ಬರಲಿ. ಸ್ಟುಡಿಯೋದ ಅಣ್ಣನಿಂದ ಅಂಥದೊಂದು ಲೆನ್ಸನ್ನು ಒಂದು ದಿನಕ್ಕೆ ಕೇಳಿ ತಂದಿರುತ್ತೇನೆ. ಟ್ಯೂಬ್‌ಲೈಟುಗಳನ್ನು ಹಾಕಿಸಿ ಎರಡು ಲೆನ್ಸಿನಲ್ಲೂ ಒಂದೊಂದು ಚಿತ್ರ ತೆಗೆದು ತೋರಿಸುತ್ತೇನೆ. ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳಲು ಯಾರಾದರೊಬ್ಬರು ಬೇಕು.