ಕೂಲಿ ಬೇರೆ, ದರ ಬೇರೆ

ಸಿಡ್ನಿಯ ವೆಂಟ್‌ವರ್ಥ್‌ವಿಲ್‌ನಲ್ಲಿ ಬ್ಲೌಸ್ ಹೊಲಿಯುವವರಿರಲಿ, ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಹೊಸ ಮನೆಗಳಿಗೆ ದೇವರ ಮಂಟಪ ಮಾಡಿಕೊಡುವ ಬಡಗಿಗಳಿರಲಿ, ಕೈಕೆಲಸದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಆದರೂ ಸ್ವಂತ ಕೆಲಸ ಶುರು ಮಾಡಿದ ಎರಡೇ ವರ್ಷಕ್ಕೆ ಕೆಲವರು ಮತ್ತೆ ಸಂಬಳಕ್ಕೆ ಹೋಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಗಿರಾಕಿ ಸಿಗಲಿಲ್ಲ ಅಂತಲ್ಲ. ಕೈತುಂಬ ಕೆಲಸ ಇತ್ತು, ಕೈಯಲ್ಲಿ ಕಾಸು ಉಳಿಯಲಿಲ್ಲ.

ಕಾರಣ ಇಷ್ಟೇ. ಊರಲ್ಲಿ ದಿನಗೂಲಿ ಲೆಕ್ಕ, ಸಂಜೆ ದುಡ್ಡು ಕೈಗೆ. ಇಲ್ಲೂ ಅದೇ ಅಭ್ಯಾಸ. ಮಾಲೀಕ ಗಂಟೆಗೆ 38 ಡಾಲರ್ ಕೊಡ್ತಿದ್ದ, ಗಿರಾಕಿ ಹತ್ತಿರ 45 ಕೇಳಿದ್ರೆ 7 ಡಾಲರ್ ಲಾಭ ಅಂದುಕೊಳ್ತೀವಿ. ಆದರೆ ಖಾಯಂ ನೌಕರನಿಗೆ ಆ 38ರ ಜೊತೆಗೆ ಶೇ. 12 ಸೂಪರ್, ವರ್ಷಕ್ಕೆ 4 ವಾರ ಸಂಬಳದ ರಜೆ, 10 ದಿನ ಕಾಯಿಲೆ ರಜೆ, ಕೆಲಸದಲ್ಲಿ ಪೆಟ್ಟಾದರೆ ವಿಮೆ ಎಲ್ಲ ಇರುತ್ತೆ. ಮಿಷನ್ನು, ವ್ಯಾನು, ಜಾಗದ ಬಾಡಿಗೆಯೂ ಮಾಲೀಕನದೇ. ಸ್ವಂತ ಅಂದ ದಿನವೇ ಅದೆಲ್ಲ ನಮ್ಮ ತಲೆಗೆ ಬರುತ್ತೆ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 52 ವಾರದಲ್ಲಿ ರಜೆ, ಕಾಯಿಲೆ, ಹಬ್ಬ ಕಳೆದು 44 ವಾರ ದುಡಿತೀವಿ ಅನ್ನಿ. ಅಳತೆ ತೆಗೆಯೋದು, ಸಾಮಾನು ತರೋದು, ಕೊಟೇಶನ್ ಬರೆಯೋದು, ಬಿಲ್ಲು ವಸೂಲಿ, ಇವಕ್ಕೆ ಯಾರೂ ದುಡ್ಡು ಕೊಡಲ್ಲ. ವಾರಕ್ಕೆ ಬಿಲ್ ಮಾಡೋಕಾಗೋದು 25 ಗಂಟೆ ಅಂದ್ರೆ ವರ್ಷಕ್ಕೆ 1,100 ಗಂಟೆ. ಸಂಸಾರಕ್ಕೆ, ತೆರಿಗೆ ಸೇರಿ, 70,000 ಡಾಲರ್ ಬೇಕು. ಸೂಪರ್‌ಗೆ 8,400. ವ್ಯಾನು, ವಿಮೆ, ಉಪಕರಣಕ್ಕೆ 20,000. ಒಟ್ಟು 98,400. ಭಾಗಿಸಿದರೆ ಗಂಟೆಗೆ ಸುಮಾರು 90 ಡಾಲರ್ ಬೀಳುತ್ತೆ; ಮರ, ಬಟ್ಟೆ, ಸಾಮಾನಿನ ಬೆಲೆ ಬೇರೆ. ಅದೇ 45ಕ್ಕೆ ಒಪ್ಪಿಕೊಂಡವರಿಗೆ ಬರುವುದು 49,500. ಖರ್ಚು ಕಳೆದರೆ 29,500. ಸ್ವಂತದವರಿಗೆ ಸೂಪರ್ ಕಟ್ಟುವುದು ಕಡ್ಡಾಯವಲ್ಲ, ಸರಿ. ಆದರೆ ನಮ್ಮ ಮುಪ್ಪಿಗೆ ಬೇರೆ ಯಾರು ಕಟ್ಟುತ್ತಾರೆ?

ಇನ್ನು ಜಿಎಸ್‌ಟಿ. ಹನ್ನೆರಡು ತಿಂಗಳ ವಹಿವಾಟು 75,000 ಡಾಲರ್ ಮುಟ್ಟಿದರೆ 21 ದಿನದೊಳಗೆ ನೋಂದಣಿ ಮಾಡಿಸಬೇಕು. ಲಾಭ ಅಲ್ಲ, ವಹಿವಾಟು. ಗಿರಾಕಿಗೆ ಬಿಲ್ ಮಾಡಿದ ಮರದ ಬೆಲೆಯೂ ಅದರಲ್ಲಿ ಸೇರುತ್ತೆ. ಆಮೇಲೆ ಗಂಟೆಗೆ 90 ಅಲ್ಲ, 99 ಕೇಳಬೇಕು. ಆ 9 ಡಾಲರ್ ನಮ್ಮದಲ್ಲ. ಬಂದ ದಿನವೇ ಬೇರೆ ಖಾತೆಗೆ ಹಾಕಿಡಿ. ಇಲ್ಲದಿದ್ದರೆ ಬಿಎಎಸ್ ಸಲ್ಲಿಸುವ ಹೊತ್ತಿಗೆ ಅದು ಮನೆ ಬಾಡಿಗೆಗೋ ಊರಿಗೆ ಕಳಿಸಿದ ಹಣಕ್ಕೋ ಸೇರಿಹೋಗಿರುತ್ತೆ.

ಬಡಗಿಗಳಿಗೆ ಇನ್ನೊಂದು ಮಾತು. ಒಯ್ದು ಇಟ್ಟು ಬರುವ ಮಂಟಪ ಬೇರೆ, ಅಡುಗೆಮನೆಯ ಕಪಾಟು ಕಟ್ಟಿ ಕೂರಿಸೋದು ಬೇರೆ. ಅದು ಮನೆ ಕಟ್ಟಡದ ಕೆಲಸ. ಸಿಡ್ನಿಯಲ್ಲಿ ಕೂಲಿ-ಸಾಮಾನು ಸೇರಿ 5,000 ಡಾಲರ್ ದಾಟಿದರೆ ಲೈಸೆನ್ಸ್ ಬೇಕು, ಮುಂಗಡ ಶೇ. 10ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಮೆಲ್ಬರ್ನ್‌ನಲ್ಲಿ 10,000 ದಾಟಿದರೆ ಬಿಲ್ಡರ್ ನೋಂದಣಿ ಬೇಕು. ಎಬಿಎನ್ ಸರ್ಕಾರ ಉಚಿತವಾಗಿಯೇ ಕೊಡುತ್ತೆ. ಆದರೆ ಅದಕ್ಕೆ ಅರ್ಜಿ ಹಾಕುವ ಮುಂಚೆ ನಿಮ್ಮ ವೀಸಾ ಷರತ್ತು ಓದಿ. ಸ್ಪಾನ್ಸರ್ ವೀಸಾದಲ್ಲಿರುವವರು ಮನಸ್ಸಿಗೆ ಬಂದ ಹಾಗೆ ಸ್ವಂತ ಕೆಲಸ ಹಿಡಿಯುವಂತಿಲ್ಲ.

ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು: "ನಮ್ಮವರೇ ಅಲ್ವಾ, ಸ್ವಲ್ಪ ನೋಡಿ ಹಾಕಿ." ಬೇಡ ಅನ್ನೋಕೆ ನಾಲಿಗೆ ಏಳಲ್ಲ, ನಮಗೆ ಗೊತ್ತು. ಕಡಿಮೆ ಮಾಡಲೇಬೇಕು ಅಂದ್ರೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ಅಂತ ಕಳೆಯಿರಿ. ಕೊಟ್ಟದ್ದೆಷ್ಟು ಅಂತ ಅವರಿಗೂ ಕಾಣುತ್ತೆ, ನಿಮಗೂ ಕಾಣುತ್ತೆ. ವರ್ಷಕ್ಕೆ ಇಂಥವು ಎಷ್ಟು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಕೈ ಕೆಸರಾದದ್ದು ನಿಮ್ಮದು, ಮೊಸರು ಪೂರ್ತಿ ಬೇರೆಯವರ ಬಾಯಿಗೆ ಹೋಗಬಾರದು.

ಮುಂದಿನ ಕೊಟೇಶನ್ ಕೊಡುವ ಮುಂಚೆ ಕಳೆದ ಮೂರು ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಓಡಾಟದ ಗಂಟೆಯೂ ಸೇರಲಿ. ಕೈಗೆ ಬಂದ ದುಡ್ಡಿನಲ್ಲಿ ಖರ್ಚು ಕಳೆದು ಆ ಗಂಟೆಗಳಿಂದ ಭಾಗಿಸಿ. ಬಂದ ಸಂಖ್ಯೆ ಹಳೆಯ ಸಂಬಳಕ್ಕಿಂತ ಕಡಿಮೆಯಿದ್ದರೆ, ತಪ್ಪು ನಿಮ್ಮ ಕೈಯಲ್ಲಿಲ್ಲ, ದರದಲ್ಲಿದೆ. ದರ ಬದಲಾಯಿಸಬಹುದು.