ದಿಢೀರ್ ಕಿವುಡು: ತಡ ಮಾಡಬೇಡಿ



ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಕೇಳದಂತಾದರೆ ನಮ್ಮ ಕಡೆ ಮೊದಲು ಎಣ್ಣೆ ಕಾಯಿಸಿ ಬಿಡುತ್ತಾರೆ. ಆಮೇಲೆ ಔಷಧದಂಗಡಿಯ ಡ್ರಾಪ್ಸ್. ನಮ್ಮ ಭಾವನಿಗೂ ಹೀಗೇ ಆಯಿತು. ಗುಗ್ಗೆ ಕಟ್ಟಿದೆ, ಸರಿಹೋಗುತ್ತದೆ ಎಂದು ಊರಿನ ವೈದ್ಯರೊಬ್ಬರೂ ಹೇಳಿ ಕಳಿಸಿದರು. ಶ್ರವಣ ಪರೀಕ್ಷೆ ಆಗುವಷ್ಟರಲ್ಲಿ ತಿಂಗಳು ಮೀರಿತ್ತು. ಎಡಗಿವಿ ಇಂದಿಗೂ ಕೇಳುವುದಿಲ್ಲ.

ಮೂರು ದಿನದೊಳಗೆ ಒಳಗಿವಿಯ ಶಕ್ತಿ ಹೀಗೆ ಕುಸಿಯುವುದಕ್ಕೆ ಬಹುಪಾಲು ಕಾರಣವೇ ಸಿಗುವುದಿಲ್ಲ. ಎಷ್ಟೋ ಜನರಿಗೆ ಅದು ತಾನಾಗಿಯೇ ಒಂದಿಷ್ಟು ಮರಳುವುದೂ ಉಂಟು (ಎಣ್ಣೆಗೆ ಹೆಸರು ಬರುವುದು ಹೀಗೆ!). ಆದರೆ ನಷ್ಟ ತೀವ್ರವಾಗಿದ್ದರೆ, ಜೊತೆಗೆ ತಲೆಸುತ್ತಿದ್ದರೆ, ವಯಸ್ಸಾಗಿದ್ದರೆ ಚೇತರಿಕೆಯ ಸಾಧ್ಯತೆ ಕಡಿಮೆ. ಸ್ಟೀರಾಯ್ಡ್ ಕೊಡುವುದಾದರೆ ಮೊದಲ 2 ವಾರದೊಳಗೇ ಆರಂಭಿಸಬೇಕು ಎನ್ನುತ್ತಾರೆ ತಜ್ಞರು. ಅದು ಫಲಿಸದಿದ್ದರೆ ಕಿವಿಯ ತಮಟೆಯ ಮೂಲಕ ಚುಚ್ಚುಮದ್ದು ಕೊಡುವುದುಂಟು. ಸಕ್ಕರೆ ಕಾಯಿಲೆಯವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು.

ಗಾಯಕಿ ಅಲ್ಕಾ ಯಾಗ್ನಿಕ್ 2024ರಲ್ಲಿ ತಮಗೆ ದಿಢೀರನೆ ಕಿವಿ ಕೇಳದಂತಾದುದನ್ನು ಹೇಳಿಕೊಂಡಾಗ ನಾಲ್ಕು ದಿನ ಮಾತಾಡಿ ಮರೆತೆವು.

ಗುಗ್ಗೆಯೋ ನರದ ತೊಂದರೆಯೋ ಎಂಬ ಸುಳಿವು ಕೊಡಲು ಒಂದು ಟ್ಯೂನಿಂಗ್ ಫೋರ್ಕ್ ಸಾಕು; ಅದು ದುಬಾರಿಯೇನಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದಿರಲಿ, ಬಳಸುವ ತರಬೇತಿಯೂ ಸಿಗಲಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ಇದ್ದೂ ಹಳ್ಳಿಯ ರೋಗಿ ಅಲ್ಲಿಗೆ ತಡವಾಗಿ ತಲುಪಿದರೆ ಏನು ಪ್ರಯೋಜನ? ಹೃದಯಾಘಾತ, ಪಾರ್ಶ್ವವಾಯುಗಳ ಬಗ್ಗೆ ಆಶಾ ಕಾರ್ಯಕರ್ತೆಯರು ಎಚ್ಚರಿಸುವಂತೆ ದಿಢೀರ್ ಕಿವುಡಿನ ಬಗ್ಗೆಯೂ ಮನೆಮನೆಗೆ ತಿಳಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ವಿನಂತಿ.

– ಓದುಗ, ಹಾಸನ ಜಿಲ್ಲೆ