ಬೀಜ ಕೆಟ್ಟಿಲ್ಲ, ಹೊತ್ತು ಬಂದಿಲ್ಲ

ಊರಿನಿಂದ ಮರಳುವಾಗ ನಮ್ಮಲ್ಲಿ ಹಲವರ ಚೀಲದಲ್ಲಿ ಸಾರಿನ ಪುಡಿ, ಉಪ್ಪಿನಕಾಯಿಯ ಜೊತೆಗೆ ಕಾಗದದಲ್ಲಿ ಕಟ್ಟಿದ ಹೂವಿನ ಬೀಜವೂ ಇರುತ್ತದೆ. ಸಂಕ್ರಾಂತಿಗೆ ಹೋಗಿ ಬಂದವರು ಜನವರಿಯಲ್ಲೇ ದೆಹಲಿಯ ಬಾಲ್ಕನಿಯಲ್ಲಿ ಬಿತ್ತುತ್ತಾರೆ. ಮೂರು ವಾರವಾದರೂ ಮೊಳಕೆ ಕಾಣದಿದ್ದರೆ 'ಬೀಜ ಸರಿಯಿಲ್ಲ', 'ಇಲ್ಲಿನ ನೀರು ಒಗ್ಗುವುದಿಲ್ಲ' ಎಂದು ಕುಂಡವನ್ನು ಬರಿದು ಮಾಡುತ್ತಾರೆ. ಈ ತೀರ್ಪು ಬಹಳ ಸಲ ಅವಸರದ್ದು.

ನಿತ್ಯಪುಷ್ಪವನ್ನೇ ನೋಡಿ. ಅದರ ಬೀಜ ಚೆನ್ನಾಗಿ ಮೊಳೆಯುವುದು ಸುಮಾರು 25 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ, ಅದೂ ಕತ್ತಲಲ್ಲಿ. ಆದ್ದರಿಂದ ಬಿತ್ತಿದ ಮೇಲೆ ತೆಳ್ಳಗೆ ಮಣ್ಣು ಮುಚ್ಚಬೇಕು. ಜನವರಿಯ ರಾತ್ರಿ ಬೆಂಗಳೂರಿನಲ್ಲಿ 15 ಡಿಗ್ರಿ ಆಸುಪಾಸು ಇದ್ದರೆ, ದೆಹಲಿಯಲ್ಲಿ 7-8ಕ್ಕೆ ಇಳಿಯುತ್ತದೆ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ಸುಮ್ಮನೆ ಬಿದ್ದಿರುತ್ತದೆ. ನೀರು ಹೆಚ್ಚಾದರೆ ಕೊಳೆಯುತ್ತದೆ. ಅದೇ ಬೀಜವನ್ನು ಮಾರ್ಚ್‌ನಲ್ಲಿ ಬಿತ್ತಿದರೆ ಮೊಳೆಯುವ ಸಂಭವ ಹೆಚ್ಚು.

ಬೆಟ್ಟದ ರೋಡೊಡೆಂಡ್ರಾನ್‌ ಸ್ವಭಾವ ಇದಕ್ಕೆ ತಿರುಗುಮುರುಗು. ಧೂಳಿನಂಥ ಆ ಬೀಜದಲ್ಲಿ ಆಹಾರದ ದಾಸ್ತಾನು ತೀರ ಕಡಿಮೆ. ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಶಕ್ತಿ ಮುಗಿಯುತ್ತದೆ. ಹಾಗಾಗಿ ಬೆಳಕು ಬಿದ್ದಾಗಲೇ ಅದು ಏಳುತ್ತದೆ. ಮಣ್ಣಿನ ಮೇಲೆ ಉದುರಿಸಿದರೆ ಸಾಕು. ಬೀಜ ಬೆಳಕನ್ನು ಗುರುತಿಸುವ ಬಗೆಯನ್ನು ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು 1952ರಲ್ಲಿ ಲೆಟಿಸ್ ಬೀಜದಲ್ಲಿ ತೋರಿಸಿದರು: ಕೆಂಪು ಬೆಳಕು ಮೊಳಕೆಯನ್ನು ಎಬ್ಬಿಸುತ್ತದೆ, ಕಡುಗೆಂಪು ಬೆಳಕು ತಡೆಯುತ್ತದೆ. ಎಲೆಗಳ ನೆರಳಿನಲ್ಲಿ ಕಡುಗೆಂಪಿನ ಪಾಲೇ ಹೆಚ್ಚು. ದೊಡ್ಡ ಗಿಡದ ಬುಡದಲ್ಲಿಟ್ಟ ಕುಂಡದಲ್ಲಿ ಇಂಥ ಬೀಜ ಏಳದಿರಲು ಇದೂ ಒಂದು ಕಾರಣ.

ರತ್ನಗಂಧಿಯ ಕತೆ ಬೇರೆ. ಅದರ ಸಿಪ್ಪೆಯೇ ಗಟ್ಟಿ. ಒಳಗೆ ನೀರು ಇಳಿಯದೆ ಬಿಸುಪು, ಬೆಳಕು ಎಷ್ಟಿದ್ದೂ ಏನು ಫಲ? ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ರಾತ್ರಿ ನೆನೆಹಾಕಿ ಬಿತ್ತಬೇಕು.

ಅಂಗಡಿಯ ಪೊಟ್ಟಣಗಳ ಮೇಲೆ ಶೇಕಡಾ ಇಷ್ಟು ಮೊಳಕೆ ಎಂದು ಅಚ್ಚಾಗಿರುತ್ತದೆ. ಅದು ಪ್ರಯೋಗಾಲಯದಲ್ಲಿ ಹದವಾದ ಬಿಸುಪು ಕೊಟ್ಟು ಪಡೆದ ಅಂಕಿ. ಯಾವ ಬಿಸುಪು, ಮಣ್ಣು ಮುಚ್ಚಬೇಕೇ ಬೇಡವೇ ಎಂಬ ಎರಡು ಸಾಲನ್ನೂ ಅಲ್ಲೇ ಅಚ್ಚು ಹಾಕಬೇಕೆಂದು ಕೊಳ್ಳುವವರು ಕೇಳಬೇಕು.

ಊರಿನ ಬೀಜಕ್ಕಂತೂ ಪೊಟ್ಟಣವೇ ಇಲ್ಲ. ಹಿತ್ತಲು ಮಾರಾಟವಾಗಿರುವ ಮನೆಗಳ ಪಾಲಿಗೆ ಆ ಒಂದು ಚಿಟಿಕೆಯೇ ಉಳಿದ ತಳಿ. ಅರ್ಧ ಬಿತ್ತಿ, ಉಳಿದರ್ಧವನ್ನು ಒಣಗಿದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಈ ಹಂಗಾಮು ಕೈಕೊಟ್ಟರೂ ಮುಂದಿನದಕ್ಕೆ ಬೀಜ ಇರುತ್ತದೆ.